ನಡೆಯುವ ಬಸ್ಸಿನ ಅಂಕಲಪ್ಪ

ಹದಿನಾರು ವರ್ಷ ಬಸ್ಸಿನ ಹಿಂಬಾಗಿಲಲ್ಲಿ ನಿಂತ ಮನುಷ್ಯನಿಗೆ ಮನೆಯ ಬಾಗಿಲಲ್ಲೂ ನೆಟ್ಟಗೆ ನಿಲ್ಲಲು ಬರುವುದಿಲ್ಲ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ, ಒಂದು ಕೈ ಚೌಕಟ್ಟಿನ ಮೇಲೆ. ಹೆಂಡತಿ ಆಸ್ಪತ್ರೆಗೆ ಹೊರಡುವಾಗ ಅವನು ಹಾಗೆಯೇ ನಿಂತು ಬೀಳ್ಕೊಡುತ್ತಿದ್ದ. ಅವಳು ಮೂರು ಮಹಡಿಯ ಮೆಟ್ಟಿಲಿಳಿದು ಹೋದ ಸದ್ದು ಅಡಗಿದ ಮೇಲೆ ಬಾಗಿಲಿನ ಹಲಗೆಯನ್ನು ಅಂಗೈಯಿಂದ ಎರಡು ಸಲ ತಟ್ಟುತ್ತಿದ್ದ. ಪಕ್ಕದ ಮನೆಯ ಮುದುಕಿ ಯಾರೋ ಬಂದರೆಂದು ದಿನವೂ ಆರೂಕಾಲಿಗೆ ಬಾಗಿಲು ತೆರೆದು ನೋಡುತ್ತಿದ್ದಳು. ಅವನು ನಕ್ಕು ತಲೆಯಾಡಿಸುತ್ತಿದ್ದ. ಅವಳು ನಗದೆ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಈ ದೇಶಕ್ಕೆ ಮೊದಲು ಬಂದವಳು ಹೆಂಡತಿ. ಅವಳು ನರ್ಸು. ಅವಳ ಪರಿಚಯವಾದದ್ದೇ ಬಸ್ಸಿನಲ್ಲಿ. "ಸಿಸ್ಟರ್, ಟಿಕೆಟ್" ಎಂದು ಮೂರು ವರ್ಷ ಕೇಳಿ, ನಾಲ್ಕನೆಯ ವರ್ಷ ಅವಳನ್ನೇ ಮದುವೆಯಾದ. ಬಾಯಿಯ ಅಭ್ಯಾಸ ಮಾತ್ರ ಹೋಗಲಿಲ್ಲ. ಮದುವೆಯ ದಿನ ಫೋಟೋಗೆ ನಿಂತಾಗ "ಸಿಸ್ಟರ್, ಸ್ವಲ್ಪ ಈ ಕಡೆ ಸರೀರಿ" ಎಂದುಬಿಟ್ಟ. ಫೋಟೋದವನು ಕ್ಯಾಮೆರಾ ಇಳಿಸಿ ಇಬ್ಬರ ಮುಖವನ್ನೂ ಮತ್ತೊಮ್ಮೆ ನೋಡಿದ. ಅವಳಿಗೆ ಇಲ್ಲಿಯ ಆಸ್ಪತ್ರೆಯಲ್ಲಿ ಕೆಲಸವಾಗಿ ಆರು ತಿಂಗಳಾದ ಮೇಲೆ ಅವನು ಕೆಲಸ ಬಿಟ್ಟು, ಇಬ್ಬರು ಮಕ್ಕಳನ್ನೂ ನಾಲ್ಕು ಪೆಟ್ಟಿಗೆಗಳನ್ನೂ ಕಟ್ಟಿಕೊಂಡು ಬಂದಿಳಿದ. ವಿಮಾನ ನಿಂತ ಕೂಡಲೇ ಎದ್ದು ಓಣಿಯಲ್ಲಿ ಅಡ್ಡ ನಿಂತು, ಹಿಂದಿನವರಿಗೆಲ್ಲ "ನಿಧಾನ, ನಿಧಾನ, ಎಲ್ರನ್ನೂ ಇಳಿಸ್ತೀವಿ" ಎಂದು ಭರವಸೆ ಕೊಟ್ಟಿದ್ದ.

ಮನೆಗೆ ಎರಡು ಕೋಣೆ, ಒಂದು ಅಡುಗೆಮನೆ, ಒಂದೇ ಬಚ್ಚಲು. ಗೋಡೆಗಳು ಎಷ್ಟು ತೆಳ್ಳಗೆಂದರೆ ಆಚೆಯವರು ಚಮಚ ಕೆಳಗಿಟ್ಟರೆ ಅವರ ಊಟ ಮುಗಿಯಿತೆಂದು ಈಚೆಗೆ ತಿಳಿಯುತ್ತಿತ್ತು. ಅಂಥ ಮನೆಗೆ ಅವನ ದನಿ ಅಳತೆ ತಪ್ಪಿ ಮಾಡಿಸಿದ ಮಂಚದ ಹಾಗೆ; ಯಾವ ಮೂಲೆಗೆ ಸರಿಸಿದರೂ ಕಾಲಿಗೆ ತೊಡರುತ್ತಿತ್ತು. ಎಂಬತ್ತು ಜನರ ತಲೆಯ ಮೇಲೆ ಹಾದು ಡ್ರೈವರನ ಕಿವಿ ಮುಟ್ಟಲೆಂದೇ ಬೆಳೆದ ದನಿ ಅದು.

ಅಡುಗೆ, ಬಟ್ಟೆ, ಮಕ್ಕಳ ಡಬ್ಬಿ, ಮಗಳ ಜಡೆ ಎಲ್ಲವೂ ಅವನ ಪಾಲಿಗೆ ಬಂದವು. ಮಗಳಿಗೆ ಏಳು ವರ್ಷ, ಮನೆಯಲ್ಲಿ ಅವಳು ದೊಡ್ಡವಳು. ಮಗನಿಗೆ ನಾಲ್ಕೂವರೆ, ಅವನು ಚಿಕ್ಕವನು. ಈ ಇಬ್ಬರನ್ನೂ ಬೆಳಿಗ್ಗೆ ಎಬ್ಬಿಸಿ ಶಾಲೆ ಮುಟ್ಟಿಸುವ ಕೆಲಸವನ್ನು ಅವನು ತನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ಮಾಡಿದ.

"ಹೋಲ್ಡಾನ್! ಒಳಗಿರೋರು ಮೊದ್ಲು ಇಳೀಲಿ!" ಎನ್ನುತ್ತಿದ್ದ ಬಚ್ಚಲಿನ ಬಾಗಿಲಲ್ಲಿ.

ಚಿಕ್ಕವನು ಶೂ ಕೈಯಲ್ಲಿ ಹಿಡಿದು ದಾರಿಗೆ ಅಡ್ಡ ಕೂತರೆ, "ಮುಂದೆ ನಡೀರಿ, ಮುಂದೆ ನಡೀರಿ, ಮುಂದೆಲ್ಲ ಖಾಲಿ ಇದೆ!"

ಎಲ್ಲರೂ ಸಿದ್ಧವಾದ ಮೇಲೆ, "ರೈಟ್!"

ನಿಲ್ಲಲು ಹೋಲ್ಡಾನ್, ಹೊರಡಲು ರೈಟ್. ಈ ಎರಡು ಮಾತುಗಳ ಮೇಲೆ ಅವನ ಹದಿನಾರು ವರ್ಷ ಓಡಿತ್ತು. ಅವು ಇಂಗ್ಲಿಷ್ ಇರಬಹುದೆಂಬ ಅನುಮಾನ ಅವನಿಗೆ ಎಂದೂ ಬಂದಿರಲಿಲ್ಲ. ಹುಟ್ಟಿದಾಗಿನಿಂದ ಕೇಳಿದ ಕನ್ನಡ ಅದು.

ಬಂದ ಎರಡನೆಯ ತಿಂಗಳಲ್ಲಿ ಒಂದು ಅನಾಹುತವಾಯಿತು. ದೊಡ್ಡವಳು ಡಬ್ಬಿ ಮರೆತು ಶಾಲೆಯೊಳಗೆ ಹೋಗಿಬಿಟ್ಟಿದ್ದಳು. ಅವನು ಡಬ್ಬಿ ಹಿಡಿದು ಓಡಿದ. ಗೇಟು ಮುಚ್ಚಿತ್ತು. ಆಳೆತ್ತರದ ಗೋಡೆಯಾಚೆ ಅಂಗಳದಲ್ಲಿ ಮಕ್ಕಳು ಆಡುವ ಸದ್ದು. ಅವನು ಡಬ್ಬಿಯನ್ನು ಎದೆಗವಚಿಕೊಂಡು, ಗೋಡೆಗೆ ಬಾಯಿಟ್ಟು, "ಡಬ್ಬಿ ಬಿಟ್ಟೋಗಿದೀಯಮ್ಮಾ!" ಎಂದು ಕೂಗಿದ. ಅಂಗಳ ಒಮ್ಮೆಲೇ ಮೌನವಾಯಿತು. ಯಾರೋ ಟೀಚರು ಸೀಟಿ ಊದಿದರು. ಮುನ್ನೂರು ಮಕ್ಕಳು, ಬೆಂಕಿ ಬಿದ್ದಾಗ ನಿಲ್ಲಬೇಕೆಂದು ಕಲಿಸಿದ ಹಾಗೆ, ತರಗತಿವಾರು ಸಾಲಾಗಿ ನಿಂತರು. ಡಬ್ಬಿಯನ್ನು ಕಾವಲಿನವನ ಕೈಗೆ ಕೊಟ್ಟು ಅವನು ಮೆಲ್ಲಗೆ ಮನೆಗೆ ಬಂದ.

ಗೋಡೆಯಾಚೆಯ ದನಿ ಯಾರದು ಎಂಬ ಚರ್ಚೆ ಮಕ್ಕಳಲ್ಲಿ ವಾರವಿಡೀ ನಡೆಯಿತು. ಒಬ್ಬ ಹುಡುಗ ಅದು ಯಂತ್ರದ್ದು ಎಂದ. ಎರಡು ತಿಂಗಳಲ್ಲಿ ದೊಡ್ಡವಳಿಗೆ ಸಿಕ್ಕಿದ್ದು ಒಬ್ಬಳೇ ಗೆಳತಿ, ಮೂಗಿನ ಮೇಲೆಲ್ಲ ಚುಕ್ಕಿ ಇದ್ದ ಹುಡುಗಿ. ಅವಳೂ ಕೇಳಿದಳು: "ನಿನಗೆ ಗೊತ್ತಾ, ಯಾರು ಅಂತ?"

"ನಂಗೊತ್ತಿಲ್ಲ" ಎಂದಳು ದೊಡ್ಡವಳು.

ಹಾಗೆಂದ ಮೇಲೆ ಅವಳಿಗೆ ಅಪ್ಪನನ್ನು ಬಚ್ಚಿಡದೆ ಬೇರೆ ದಾರಿ ಉಳಿಯಲಿಲ್ಲ.

ಇದು ನಡೆದ ಸ್ವಲ್ಪ ದಿನಕ್ಕೆ ಶಾಲೆಯ ಚೀಲದಲ್ಲಿ ಒಂದು ಕಾಗದ ಬಂತು. ಹೆಂಡತಿ ಸಮವಸ್ತ್ರ ಬದಲಿಸದೆಯೇ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಓದಿದಳು.

"ವಾಕಿಂಗ್ ಬಸ್ ಅಂತೆ ರೀ. ಹಿಂದಿನ ಸ್ಥಾನ ಖಾಲಿ ಇದೆಯಂತೆ. ಯಾರಾದ್ರೂ ಬರ್ತೀರಾ ಅಂತ ಕೇಳಿದಾರೆ."

ಅವನು ಒಲೆ ಆರಿಸಿ ತಿರುಗಿದ. "ಬಸ್ಸಾ?"

"ಬಸ್ಸಲ್ಲ. ಈ ಬೀದಿಗಳ ಹದಿನಾರು ಮಕ್ಕಳು ಒಂದು ಉದ್ದದ ಹಗ್ಗ ಹಿಡ್ಕೊಂಡು ಸಾಲಾಗಿ ನಡ್ಕೊಂಡು ಶಾಲೆಗೆ ಹೋಗೋದು. ನಮ್ಮವೂ ಸೇರಬಹುದು, ಹದಿನೆಂಟಾಗುತ್ತೆ. ಮುಂದೆ ಒಬ್ರು ದೊಡ್ಡೋರು, ಹಿಂದೆ ಒಬ್ರು."

"ಬಸ್ ಅಂತ ಬರೆದಿದಾರೆ ತಾನೆ?"

"ಬರೆದಿದಾರೆ."

"ನಿಲ್ಲೋ ಜಾಗ ಇದೆಯಾ?"

ಅವಳು ಕಾಗದ ತಿರುವಿದಳು. "ಐದು ಕಡೆ ನಿಲ್ಲುತ್ತಂತೆ."

"ಟೈಮಿಂಗ್?"

"ಏಳೂ ಮುಕ್ಕಾಲಿಗೆ ಶುರು."

"ಹಾಗಾದ್ರೆ ಬಸ್ಸೇ" ಎಂದು ಅವನು ಕೈ ಒರೆಸಿಕೊಂಡ. ಅವಳು ಅವನ ಮುಖ ನೋಡಿದಳು. ಇಲ್ಲಿಗೆ ಬಂದಾಗಿನಿಂದ ಆ ಮುಖದಲ್ಲಿ ಇಷ್ಟು ಬೆಳಕು ಬಿದ್ದಿರಲಿಲ್ಲ. ಅವಳು ಆಗಲೇ ಫೋನು ತೆಗೆದು, ತನ್ನ ಹೆಸರಿನಲ್ಲೇ, ಮೂವರ ಪರವಾಗಿಯೂ ಉತ್ತರ ಬರೆದು ಕಳಿಸಿದಳು. ಎರಡು ವಾರ ಪರೀಕ್ಷೆಗೆ ನೋಡುತ್ತೇವೆ, ಸರಿಹೋದರೆ ವರ್ಷವಿಡೀ ಇರಬಹುದು ಎಂದು ಮರುದಿನ ಜವಾಬು ಬಂತು.

ದೊಡ್ಡವಳು ಊಟದ ತಟ್ಟೆಯನ್ನು ದೂರ ಸರಿಸಿದಳು. "ಅಪ್ಪ ಬರ್ಬೇಡ."

"ಯಾಕಮ್ಮಾ?"

"ನೀನು ಕೂಗ್ತೀಯ."

"ಕೂಗಲ್ಲ."

"ಕೂಗ್ತೀಯ. ಅದು ಕೂಗು ಅಂತ ನಿಂಗೇ ಗೊತ್ತಾಗಲ್ಲ." ಅವಳು ಮೊದಲೇ ಯೋಚಿಸಿಟ್ಟಿದ್ದನ್ನು ಹೇಳಿದಳು. "ಬರೋದಾದ್ರೆ ದಾರೀಲಿ ನೀನು ನಮ್ಮಪ್ಪ ಅಲ್ಲ. ನಾವಿಬ್ರೂ ಮೊದ್ಲು ಇಳೀತೀವಿ, ನೀನು ಆಮೇಲೆ ಬಾ. ಯಾರು ಕೇಳಿದ್ರೂ ಗೊತ್ತಿಲ್ಲ ಅನ್ನು."

ಹೆಂಡತಿ ಬಾಯಿ ತೆರೆದಳು. ಅವನು ಕೈ ಎತ್ತಿ ತಡೆದ.

"ಒಪ್ಪಿದೆ. ಡ್ಯೂಟೀಲಿ ಸಂಬಂಧ ಇಲ್ಲ. ನಿಮ್ಮಜ್ಜಿ ನನ್ನ ಬಸ್ ಹತ್ತಿದಾಗಲೇ 'ಯಾರಮ್ಮಾ ಅದು, ಟಿಕೆಟ್' ಅಂದೋನು ನಾನು."

"ಅಮ್ಮ ಅದಕ್ಕೇ ಎರಡು ವರ್ಷ ನಿಮ್ಮತ್ರ ಮಾತು ಬಿಟ್ಟಿದ್ರು" ಎಂದಳು ಹೆಂಡತಿ.

"ಮಾತು ಬಿಟ್ರು, ಆದ್ರೆ ಟಿಕೆಟ್ ತಗೊಂಡ್ರು" ಎಂದ ಅವನು ಹೆಮ್ಮೆಯಿಂದ. ದೊಡ್ಡವಳು ನಗಲಿಲ್ಲ. ಅವಳು ತಮ್ಮನನ್ನು ಕೋಣೆಗೆ ಎಳೆದುಕೊಂಡು ಹೋಗಿ, ದಾರಿಯಲ್ಲಿ ಅಪ್ಪ ಎನ್ನಬಾರದು, ಅಂಕಲ್ ಎನ್ನಬೇಕು ಎಂದು ಹತ್ತು ಸಲ ಹೇಳಿಸಿದಳು. ಅವನು ಬಚ್ಚಲಿನ ಬಳಿ ಬಟ್ಟೆ ಹಿಂಡುತ್ತ ಆ ಪಾಠವನ್ನು ಕೇಳಿಸಿಕೊಂಡ. ಹಿಂಡಿದ ಅಂಗಿಯನ್ನೇ ಎರಡು ಸಲ ಹಿಂಡಿದ.

ಸಾಲಿನ ಮುಂದಾಳು ಮೂವತ್ತು ವರ್ಷ ಅಂಚೆ ಹಂಚಿ ನಿವೃತ್ತಳಾದ ಹೆಂಗಸು. ಉದ್ದನೆಯ ಕಾಲು, ಕುತ್ತಿಗೆಯಲ್ಲಿ ಕನ್ನಡಕದ ದಾರ. ಜೀವನವೆಲ್ಲ ವಿಳಾಸ ನೋಡಿದವಳು. ಮುಖ ನೋಡುವ ಅಭ್ಯಾಸವಿರಲಿಲ್ಲ. ಮಕ್ಕಳನ್ನು ಎಣಿಸುತ್ತಿದ್ದಳೇ ಹೊರತು ಯಾವುದು ಯಾರದು ಎಂದು ಕೇಳುತ್ತಿರಲಿಲ್ಲ. ಅವನಿಗೆ ತೋಳಿಲ್ಲದ ಹಳದಿ ಕೋಟು ಕೊಟ್ಟು, "ಬಾಲ ನಿಮ್ಮದು, ತಲೆ ನನ್ನದು" ಎಂದಳು. ಅವನು ಮನಸ್ಸಿನಲ್ಲೇ ಅವಳನ್ನು ಡ್ರೈವರಮ್ಮ ಎಂದು ಕರೆದ. ಆ ಕೋಟನ್ನು ಹಿಂದಿನ ದಿನವೇ ಮನೆಗೆ ತಂದು ಇಸ್ತ್ರಿ ಮಾಡಿದ್ದ. ಹೆಗಲಿಗೆ ಹಳೆಯ ಚರ್ಮದ ಚೀಲವೂ ಇತ್ತು. ಟಿಕೆಟ್ಟಿನ ಜಾಗದಲ್ಲಿ ಈಗ ಕರವಸ್ತ್ರ, ಗಾಯದ ಪಟ್ಟಿ, ಎರಡು ಜೊತೆ ಕಾಲುಚೀಲ.

ಆ ವಾರ ಪೈಪು ಹಾಕಲು ಅಲ್ಲಲ್ಲಿ ರಸ್ತೆ ಅಗೆಯುತ್ತಿದ್ದರು. ದಾರಿ ಎಲ್ಲಿ ಮುಚ್ಚಿದೆಯೋ ನೋಡಿ ಹೇಳಿ ಎಂದು ಡ್ರೈವರಮ್ಮ ಮೊದಲೇ ಹೇಳಿದ್ದಳು. ಅವಳ ಇಂಗ್ಲಿಷಿನಲ್ಲಿ ಅವನಿಗೆ ತಿಳಿದದ್ದು 'ದಾರಿ', 'ನೋಡಿ' ಎಂಬ ಎರಡೇ ಮಾತು. ಅವನು ದಾರಿ ನೋಡುತ್ತ ಹೊರಟ.

ಮೊದಲ ತಿರುವಿನಲ್ಲಿ ಸಾಲು ನಿಂತಿತು. ಹಿಂದಿನ ಮಗುವೂ ಹಗ್ಗ ಹಿಡಿದದ್ದನ್ನು ಖಚಿತ ಮಾಡಿಕೊಂಡು, ಪಕ್ಕದ ಅಂಚೆ ಡಬ್ಬಿಯನ್ನು ಎರಡು ಸಲ ತಟ್ಟಿ, ತಾನು ಪಿಸುಗುಟ್ಟುತ್ತಿದ್ದೇನೆಂದೇ ನಂಬಿಕೊಂಡು ಅವನು ಹೇಳಿದ:

"ರೈಟ್!"

ಮರದ ಮೇಲಿನ ಹಕ್ಕಿಗಳು ಎದ್ದು ಹಾರಿದವು. ಡ್ರೈವರಮ್ಮ ಮುಂದೆ ದಾರಿ ಮುಚ್ಚಿರಬೇಕೆಂದುಕೊಂಡು ಬಲಕ್ಕೆ ತಿರುಗಿದಳು. ಹಗ್ಗ ತಿರುಗಿತು, ಹದಿನೆಂಟು ಮಕ್ಕಳು ತಿರುಗಿದರು. ಡ್ರೈವರನಿಗೆ ದಾರಿ ಗೊತ್ತಿರುತ್ತದೆ. ಕಂಡಕ್ಟರು ಅದನ್ನು ಕೇಳುವುದು ಮರ್ಯಾದೆಯಲ್ಲ. ಅವನು ಹಿಂದೆ ನಡೆದ. ಮುಂದಿನ ತಿರುವು. "ರೈಟ್!" ಮತ್ತೆ ಬಲಕ್ಕೆ. ಅದರ ಮುಂದಿನದು. "ರೈಟ್!" ನಾಲ್ಕನೆಯ ಸಲ ಹೇಳಿದ ಮೇಲೆ ಸಾಲು ಬಂದು ಅದೇ ಅಂಚೆ ಡಬ್ಬಿಯ ಪಕ್ಕ ನಿಂತಿತು.

ಡ್ರೈವರಮ್ಮ ಅಂಚೆ ಡಬ್ಬಿಯನ್ನು ನೋಡಿದಳು. ಮೂವತ್ತು ವರ್ಷದಲ್ಲಿ ಅವಳಿಗೆ ಒಮ್ಮೆಯೂ ಹೀಗಾಗಿರಲಿಲ್ಲ.

ಅವನಿಗೇನೂ ಆಶ್ಚರ್ಯವಾಗಲಿಲ್ಲ. ಅವನ ಬಸ್ಸು ಯಾವಾಗಲೂ ಹೊರಟಲ್ಲಿಗೇ ವಾಪಸ್ಸು ಬರುತ್ತಿತ್ತು. ಶಾಲೆ ಎಲ್ಲಿ ಎಂದು ಮಾತ್ರ ಒಂದು ಗಳಿಗೆ ಸುತ್ತ ನೋಡಿದ.

"ಬಲಕ್ಕೆ ಬಲಕ್ಕೆ ಅಂತ ಯಾಕೆ ಹೇಳಿದಿರಿ?" ಡ್ರೈವರಮ್ಮ ಕೈಯಿಂದ ತೋರಿಸಿ ತೋರಿಸಿ ಕೇಳಿದಳು.

"ಬಲಕ್ಕೆ ಅನ್ಲಿಲ್ಲ. ರೈಟ್ ಅಂದೆ."

ಅವನು ಸತ್ಯವನ್ನೇ ಹೇಳಿದ್ದ. ಅದನ್ನು ಅರ್ಥಮಾಡಿಕೊಳ್ಳಬಲ್ಲ ಒಂದೇ ಒಂದು ಜೀವ ಆ ಬೀದಿಯಲ್ಲಿತ್ತು. ಅದು ಸಾಲಿನ ನಡುವೆ ತಲೆ ತಗ್ಗಿಸಿ ತನ್ನ ಶೂ ನೋಡುತ್ತಿತ್ತು. ಚುಕ್ಕಿಮುಖದ ಹುಡುಗಿ ಮಾತ್ರ ಕಣ್ಣರಳಿಸಿ ಹಿಂದೆ ತಿರುಗಿದ್ದಳು. "ಕೇಳಿದ್ಯಾ? ಗೋಡೆಯ ದನಿ! ಇವರದೇ!"

ಶಾಲೆಗೆ ಹದಿನಾಲ್ಕು ನಿಮಿಷ ತಡವಾಯಿತು. ಆ ಸಂಜೆ ದೊಡ್ಡವಳು ಅಡುಗೆಮನೆಗೆ ಬಂದು, "ಕೂಗಲ್ಲ ಅಂದಿದ್ದೆ" ಎಂದಳು.

"ಕೂಗ್ಲಿಲ್ಲ ಮರೀ. ರೈಟ್ ಅಂದೆ ಅಷ್ಟೆ."

"ಅದು ಈ ಊರಲ್ಲಿ ಬಲಗಡೆ ಅಪ್ಪಾ."

"ಅಯ್ಯೋ" ಎಂದು ಅವನು ಸೌಟು ಹಿಡಿದೇ ಕೂತುಬಿಟ್ಟ. "ಹಾಗಾದ್ರೆ ಹೊರಡು ಅನ್ನೋಕೆ ಇವರೇನಂತಾರೆ?"

ಅವಳು ಯೋಚಿಸಿದಳು. "ಏನೂ ಅನ್ನಲ್ಲ. ಹೊರಡ್ತಾರೆ."

ಯಾರೂ ಹೇಳದೆ ಹೊರಟುಬಿಡುವ ಜನರನ್ನು ಅವನು ಕಂಡಿರಲಿಲ್ಲ.

ಮರುದಿನದಿಂದ ಬಾಯಿಗೆ ಬೀಗ. ಆದರೆ ಹಗ್ಗವಿತ್ತು. ಅವನ ಮೊದಲ ಬಸ್ಸಿನಲ್ಲಿ ಚಾವಣಿಯುದ್ದ ಗಂಟೆಯ ಹಗ್ಗವಿತ್ತು. ಒಂದೆಳೆತಕ್ಕೆ ನಿಲ್ಲು, ಎರಡೆಳೆತಕ್ಕೆ ಹೊರಡು. ಅವನು ಸಾಲಿನ ಹಗ್ಗವನ್ನು ಹಾಗೆಯೇ ಎಳೆದ. ಮೊದಲ ಸಲ ಡ್ರೈವರಮ್ಮ ಯಾರೋ ಬಿದ್ದರೆಂದು ತಿರುಗಿದಳು. ಎರಡನೆಯ ಸಲ ಅವಳಿಗೆ ಅರ್ಥವಾಯಿತು. ಮೂರನೆಯ ದಿನ ಅವಳೂ ಮುಂದಿನಿಂದ ಒಂದೆಳೆತ ಎಳೆದು ಉತ್ತರ ಕೊಟ್ಟಳು. ಆಮೇಲೆ ಆ ಇಬ್ಬರು, ಒಬ್ಬರ ಭಾಷೆ ಒಬ್ಬರಿಗೆ ಬಾರದವರು, ಹದಿನೆಂಟು ಮಕ್ಕಳ ಕೈ ದಾಟಿ ದಿನವೂ ಅಷ್ಟುದ್ದ ಮಾತಾಡಿಕೊಂಡರು. ಬಿದ್ದ ಕೈಗವಸು, ಅರ್ಧ ತಿಂದ ಸೇಬು, ಕಿತ್ತ ಗುಂಡಿ ಎಲ್ಲವೂ ಅವನ ಚರ್ಮದ ಚೀಲ ಸೇರುತ್ತಿದ್ದವು. ಶಾಲೆಯ ಗೇಟಿನಲ್ಲಿ ಸೀಟು ನೋಡಿ ಚಿಲ್ಲರೆ ಕೊಡುವಷ್ಟು ಚುರುಕಾಗಿ ಅವನ್ನು ಅವರವರಿಗೆ ಹಿಂತಿರುಗಿಸುತ್ತಿದ್ದ. ತಪ್ಪಿ ಒಬ್ಬರ ಸೇಬು ಇನ್ನೊಬ್ಬರಿಗೆ ಹೋಗಲಿಲ್ಲ.

ಇನ್ನೊಂದು ತೊಂದರೆ ಮಾತ್ರ ಯಾರೂ ಎಣಿಸದ ಕಡೆಯಿಂದ ಬಂತು. ಚಿಕ್ಕವನು ಅಕ್ಕನ ಪಾಠವನ್ನು ಮರೆತಿರಲಿಲ್ಲ. ಆದರೆ ಬಾಯಿ ಅವನದು. ಶೂ ದಾರ ಬಿಚ್ಚಿದಾಗ, "ಅಂಕಲ್..." ಎಂದು ಶುರುಮಾಡಿ, ಅಷ್ಟಕ್ಕೆ ಸಮಾಧಾನವಾಗದೆ "...ಅಪ್ಪಾ" ಎಂದು ಮುಗಿಸಿದ.

ಮುಂದಿದ್ದ, ಶೀತವಾಗಿ ಸದಾ ಮೂಗು ಸೋರುತ್ತಿದ್ದ ಹುಡುಗ ಕೇಳಿಸಿಕೊಂಡ. ಹೊಸಬನ ಹೆಸರು ತಿಳಿಯಿತೆಂದು ಅವನಿಗೆ ಖುಷಿಯಾಯಿತು. ಹಗ್ಗದುದ್ದ ಆ ಹೆಸರು ಮುಂದೆ ಹೋಗಿ ತಲೆ ಮುಟ್ಟಿತು. ಸಂಜೆಯೊಳಗೆ ಎಲ್ಲರ ಬಾಯಲ್ಲೂ ಅಂಕಲಪ್ಪ. ಕೇಳಿದರೆ ಯಾವುದೋ ಊರಿನ ಹಿರಿಯ ಪಟೇಲರ ಹೆಸರಿನ ಹಾಗಿತ್ತು. "ಅಂಕಲಪ್ಪಾ, ನನ್ನ ಟೋಪಿ." "ಅಂಕಲಪ್ಪಾ, ಇವನು ತಳ್ತಾನೆ." ಉದ್ದವಾಯಿತೆಂದು ಕೆಲವರು ಮೊದಲರ್ಧ ಬಿಟ್ಟು ಬರಿಯ "ಅಪ್ಪಾ" ಎಂದೂ ಕರೆದರು. ಅವನು ಕರೆದವರಿಗೆಲ್ಲ ಓಗೊಟ್ಟ. ಹದಿನೇಳು ಮಕ್ಕಳು ಅವನನ್ನು ಕರೆಯುತ್ತಿದ್ದರು. ದೊಡ್ಡವಳು ಯಾವ ಹೆಸರಿನಿಂದಲೂ ಕರೆಯುತ್ತಿರಲಿಲ್ಲ. ಅವಳ ಜಡೆಯ ರಿಬ್ಬನ್ ಬಿಚ್ಚಿ ಬಿದ್ದ ದಿನ ಅವನು ಅದನ್ನು ಎತ್ತಿ ಚೀಲಕ್ಕೆ ಹಾಕಿಕೊಂಡು, ಗೇಟಿನಲ್ಲಿ, ಎಲ್ಲರಿಗೂ ಕೊಟ್ಟ ಹಾಗೆಯೇ ಕೈಚಾಚಿ ಕೊಟ್ಟ. ಅವಳೂ ಎಲ್ಲರ ಹಾಗೆಯೇ ಇಂಗ್ಲಿಷಿನಲ್ಲಿ ಧನ್ಯವಾದ ಹೇಳಿದಳು. ಹದಿನಾರು ವರ್ಷದ ನೌಕರಿಯಲ್ಲಿ ಅಷ್ಟು ಕಷ್ಟದ ಡ್ಯೂಟಿ ಅವನಿಗೆ ಬಿದ್ದಿರಲಿಲ್ಲ.

ಎರಡನೆಯ ವಾರದ ಶುಕ್ರವಾರ ಸಾಲು ಹೊತ್ತಿಗೆ ಮುಂಚೆಯೇ ತಲುಪಿತು. ಗಂಟೆಗೆ ಇನ್ನೂ ಹತ್ತು ನಿಮಿಷವಿತ್ತು. ಅಂಗಳದಲ್ಲಿ ಡ್ರೈವರಮ್ಮ ಹಗ್ಗ ಸುತ್ತಿಟ್ಟು, ಕನ್ನಡಕ ಏರಿಸಿ, ಹಲಗೆಗೆ ಸಿಕ್ಕಿಸಿದ ಕಾಗದ ತೆಗೆದಳು.

"ನನಗೆ ನಿಮ್ಮ ಕೆಲಸ ಒಪ್ಪಿಗೆ. ಈ ಫಾರಂ ಶಾಲೆಗೆ ಕೊಟ್ಟರೆ ಮುಗಿಯಿತು. ಹೆಸರು ಅಂಕಲಪ್ಪ, ಬರೆದಿದ್ದೇನೆ. ಕಾಯಿಲೆ ಇದೆಯಾ?"

"ಇಲ್ಲ."

"ಕಣ್ಣು?"

"ಚೆನ್ನಾಗಿದೆ."

"ಸಾಲಿನಲ್ಲಿ ನಿಮ್ಮ ಮಕ್ಕಳಿದ್ದಾರಾ?"

ನಿಧಾನವಾಗಿ ಕೇಳಿದ್ದರಿಂದ ಪ್ರತಿ ಮಾತೂ ಅವನಿಗೆ ಅರ್ಥವಾಯಿತು. ಮೂರು ಹೆಜ್ಜೆಯಾಚೆ ದೊಡ್ಡವಳು ಗೆಳತಿಯ ಜೊತೆ ಅತ್ತ ತಿರುಗಿ ನಿಂತಿದ್ದಳು. ಬೆಳಿಗ್ಗೆ ಅವನೇ ಹೆಣೆದ ಎರಡು ಜಡೆ, ಒಂದು ಮೇಲೆ, ಒಂದು ಸ್ವಲ್ಪ ಕೆಳಗೆ. ಮಾತಿಗೆ ತಕ್ಕಂತೆ ಆಡುತ್ತಿದ್ದ ಆ ಜಡೆಗಳು ಗಕ್ಕನೆ ನಿಂತವು.

"ಇಲ್ಲ" ಎಂದ.

ಡ್ರೈವರಮ್ಮನ ಪೆನ್ನು ನಿಂತಿತು. "ಒಬ್ಬರೂ ಇಲ್ವಾ?"

"ಡ್ಯೂಟೀಲಿ... ಇಲ್ಲ."

ಅವಳು ಕಾಗದದ ಕೆಳಗಿನ ಸಣ್ಣಕ್ಷರವನ್ನು ಎರಡು ಸಲ ಓದಿದಳು. ಆಮೇಲೆ ಬಹಳ ಬೇಸರದಿಂದ, ಸಾಲಿನ ಬಾಲ ಹಿಡಿಯುವವರು ಅದರಲ್ಲಿರುವ ಯಾವುದಾದರೂ ಮಗುವಿನ ತಾಯಿಯೋ ತಂದೆಯೋ ಆಗಿರಲೇಬೇಕು, ಹಾಗೆಂದು ನಿಯಮವಿದೆ, ತಾನು ಅದನ್ನು ಮೊದಲೇ ಕೇಳಬೇಕಿತ್ತು ಎಂದಳು. ಅರ್ಥವಾಗಲಿಲ್ಲವೇನೋ ಎಂದು ಕೋಟಿನ ಕಡೆ ಕೈ ತೋರಿಸಿದಳು. ಅವನಿಗೆ ಅರ್ಥವಾಗಿತ್ತು. ಅವನು ಕೋಟಿನ ಜಿಪ್ಪು ಎಳೆದ. ಅದು ಅರ್ಧಕ್ಕೆ ಸಿಕ್ಕಿಕೊಂಡಿತು. ಬಗ್ಗಿ, ಎರಡೂ ಕೈಯಿಂದ, ಅದೇ ದೊಡ್ಡ ಕೆಲಸವೆಂಬಂತೆ ಎಳೆಯತೊಡಗಿದ.

"ಯಾಕೆ ಬಿಚ್ತಿದೀಯ ಅಂಕಲಪ್ಪಾ?" ಎಂದ ಚಿಕ್ಕವನು ಕಾಲಿನ ಬಳಿ ಬಂದು.

"ಟ್ರಿಪ್ ಮುಗೀತು ಮರೀ."

ಮಕ್ಕಳು ಒಬ್ಬೊಬ್ಬರೇ ಸುತ್ತ ಸೇರಿದರು. ಶೀತದ ಹುಡುಗ ಮೂಗೊರೆಸಿಕೊಂಡು ಏನೆಂದು ವಿಚಾರಿಸಿ ಉಳಿದವರಿಗೆ ಹೇಳಿದ. ಚುಕ್ಕಿಮುಖದ ಹುಡುಗಿ ದೊಡ್ಡವಳ ತೋಳು ಹಿಡಿದು, "ಪಾಪ ಅಂಕಲಪ್ಪ. ಅವರಿಗೆ ಮಕ್ಕಳೇ ಇಲ್ವಂತೆ" ಎಂದಳು.

"ಇದಾರೆ!"

ಅಂಗಳದಲ್ಲಿ ಆಡುತ್ತಿದ್ದವರೆಲ್ಲ ನಿಂತರು. ಚೆಂಡೊಂದು ತಾನೇ ಉರುಳಿಹೋಗಿ ಗೋಡೆಗೆ ತಾಗಿತು. ದೂರದ ಮೂಲೆಯಲ್ಲಿದ್ದ ಟೀಚರು ಅಭ್ಯಾಸಬಲದಿಂದ ಸೀಟಿಯನ್ನು ಬಾಯಿಗಿಟ್ಟುಕೊಂಡರು. ಕೂಗಿದವಳ ಮುಖ ಕೆಂಪಾಗಿತ್ತು; ತನ್ನೊಳಗೆ ಅಷ್ಟು ದೊಡ್ಡ ದನಿ ಇದೆಯೆಂದು ಅವಳಿಗೇ ತಿಳಿದಿರಲಿಲ್ಲ.

"ಅವ್ರು ಅಪ್ಪ" ಎಂದಳು.

"ಗೊತ್ತಲ್ಲ" ಎಂದ ಶೀತದ ಹುಡುಗ. "ಅಂಕಲಪ್ಪ."

"ಹಾಗಲ್ಲ! ನನ್ನ ಅಪ್ಪ."

"ನಮ್ಮೆಲ್ರಿಗೂ ಅಪ್ಪಾನೇ."

ಚಿಕ್ಕವನಿಗೆ ಅಪ್ಪನನ್ನು ಹಂಚಿಬಿಡುತ್ತಿದ್ದಾರೆಂದು ಅನ್ನಿಸಿ ಅವನು ಬಾಯಿ ತೆರೆದು ಅಳಲು ಶುರುಮಾಡಿದ. ದೊಡ್ಡವಳು ಕಾಲು ನೆಲಕ್ಕೆ ಬಡಿದಳು. "ಅಪ್ಪ ಅನ್ನೋದು ಹೆಸರಲ್ಲ! ನಮ್ಮ ಭಾಷೇಲಿ ಅಪ್ಪ ಅಂದ್ರೆ ಡ್ಯಾಡಿ!"

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡು ವಾರದಿಂದ ತಾವು ದಿನವೂ ಒಬ್ಬ ಅಪರಿಚಿತನನ್ನು ಡ್ಯಾಡಿ ಎಂದು ಕರೆದದ್ದು ಅವರ ತಲೆಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. "ಅಮ್ಮನಿಗೆ ಹೇಳಬೇಕಾ?" ಎಂದು ಶೀತದ ಹುಡುಗ ಚಿಂತೆಯಿಂದ ಕೇಳಿದ.

ಡ್ರೈವರಮ್ಮ ಕನ್ನಡಕ ಸರಿಮಾಡಿಕೊಂಡು, ಎರಡು ವಾರದಲ್ಲಿ ಮೊದಲ ಸಲ, ಅವನ ಮುಖ, ಹುಡುಗಿಯ ಮುಖ, ಅಳುತ್ತಿದ್ದವನ ಮುಖ ಮೂರನ್ನೂ ಒಟ್ಟಿಗೆ ನೋಡಿದಳು. ಅದೇ ಮೂಗು ಮೂರು ಅಳತೆಯಲ್ಲಿತ್ತು.

"ಮತ್ತೆ ಇಲ್ಲ ಅಂದಿರಿ?"

ಅವನು ಮಗಳನ್ನು ನೋಡಿದ. "ನನ್ನ ಇಂಗ್ಲಿಷ್ ಸರಿಯಿಲ್ಲ" ಎಂದ. "ಪ್ರಶ್ನೆ ಅರ್ಥ ಆಗ್ಲಿಲ್ಲ."

ನಂಬುವ ಮಾತೇ ಆಗಿತ್ತು. ನಾಲ್ಕು ಸಲ ಬಲಕ್ಕೆ ತಿರುಗಿದವಳು ಅದನ್ನು ನಂಬದಿರಲು ಕಾರಣವಿರಲಿಲ್ಲ. ಅವಳು ತಲೆಯಾಡಿಸಿ, 'ಇಲ್ಲ' ಎಂಬುದನ್ನು ಹೊಡೆದುಹಾಕಲು ಪೆನ್ನು ತೆಗೆದಳು. ದೊಡ್ಡವಳು ಸುಮ್ಮನಿದ್ದಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು.

"ಅರ್ಥ ಆಗಿತ್ತು" ಎಂದಳು ಅವಳು. ಈ ಸಲ ದನಿ ಎಷ್ಟು ಸಣ್ಣದಾಗಿತ್ತೆಂದರೆ ಡ್ರೈವರಮ್ಮ ಬಗ್ಗಬೇಕಾಯಿತು. "ಹಾಗೆ ಹೇಳ್ಬೇಕು ಅಂತ ನಾನೇ ಹೇಳಿದ್ದೆ. ಗೋಡೆ ಆಚೆ ಕೂಗಿದ್ದೂ ಇವರೇ. ನಂಗೆ ಅವತ್ತೇ ಗೊತ್ತಿತ್ತು."

ಅವಳು ಗೆಳತಿಯ ಕಡೆ ನೋಡಲಿಲ್ಲ. ಗೆಳತಿ ಅವಳನ್ನೇ ನೋಡುತ್ತಿದ್ದಳು.

"ಅದು ನಿನ್ನ ಅಪ್ಪನ ದನಿನಾ?" ಎಂದಳು ಚುಕ್ಕಿಮುಖದವಳು. "ಮನೇಲೂ ಇರುತ್ತಾ? ದಿನಾ?"

"ಹೂಂ."

"ಅಂಥದು ಇಟ್ಕೊಂಡು ನಂಗೆ ಹೇಳಲೇ ಇಲ್ವಲ್ಲ ನೀನು!"

ಗಂಟೆ ಹೊಡೆಯಿತು. ಡ್ರೈವರಮ್ಮ ಮಕ್ಕಳ ಸಂಖ್ಯೆಯ ಜಾಗದಲ್ಲಿ ಎರಡು ಎಂದು ಬರೆದು, ಸಿಕ್ಕಿಕೊಂಡ ಜಿಪ್ಪನ್ನು ತಾನೇ ಒಂದೇ ಎಳೆತಕ್ಕೆ ಮೇಲೆ ಏರಿಸಿದಳು.

ಸಂಜೆ ಇಡೀ ಕಥೆಯನ್ನು ಚಿಕ್ಕವನ ಬಾಯಿಂದ ಕೇಳಿ ಹೆಂಡತಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ರೀ, ಹದಿನೆಂಟು ಮಕ್ಕಳ ತಂದೆ, ತಟ್ಟೆ ಎತ್ತಿಡಿ." ದೊಡ್ಡವಳು ನಗುತ್ತಿರಲಿಲ್ಲ. ಅವಳು ಯಾವುದೋ ಲೆಕ್ಕಾಚಾರದಲ್ಲಿದ್ದಳು. ಊಟ ಮುಗಿದ ಮೇಲೆ ಅಪ್ಪನ ಪಕ್ಕ ಬಂದು ಕೂತು, ತನ್ನ ತೀರ್ಮಾನ ಹೇಳಿದಳು.

"ಆ ಹೆಸರನ್ನ ಎರಡು ಭಾಗ ಮಾಡ್ತೀನಿ. ಅಂಕಲ್ ಅವರಿಗೆ. ಅಪ್ಪ ನಮಗೆ."

"ಸರಿ."

"ಯಾರಾದ್ರೂ ಅಪ್ಪಾ ಅಂದ್ರೆ ನೀನು ತಿರುಗಬಾರದು."

"ನೀನು ಅಂದ್ರೆ?"

ಅವಳು ಅವನ ಅಂಗಿಯ ಗುಂಡಿ ತಿರುಗಿಸಿದಳು. "ನಾನಂದ್ರೆ ತಿರುಗು" ಎಂದಳು.

ಸೋಮವಾರ ಬೆಳಿಗ್ಗೆ ಅವಳು ಹಗ್ಗ ಹಿಡಿಯುವ ಮೊದಲು ಸಾಲಿನ ಈ ತುದಿಯಿಂದ ಆ ತುದಿಯವರೆಗೆ ನಡೆದು ಪ್ರತಿಯೊಬ್ಬರಿಗೂ ಹೊಸ ನಿಯಮ ತಿಳಿಸಿದಳು. ಎಲ್ಲರೂ ಒಪ್ಪಿದರು. ಶೀತದ ಹುಡುಗನಿಗಂತೂ ಮನಸ್ಸು ಹಗುರವಾಯಿತು. ಕೊನೆಗೆ ಚುಕ್ಕಿಮುಖದ ಹುಡುಗಿಯ ಸರದಿ. ಅವಳನ್ನು ದಿನವೂ ಸಾಲಿಗೆ ತಂದು ಬಿಡುವವಳು ಅವಳ ಅಜ್ಜಿ. ಯಾಕೆಂದು ದೊಡ್ಡವಳು ಎಂದೂ ಕೇಳಿರಲಿಲ್ಲ. ಹುಡುಗಿ ನಿಯಮವನ್ನು ಪೂರ್ತಿ ಕೇಳಿಸಿಕೊಂಡು, ಹಗ್ಗದ ಕುಣಿಕೆಯನ್ನು ಕೈಗೆ ಸುತ್ತಿಕೊಳ್ಳುತ್ತ, "ನಾನೂ ಕರೀಬಾರದಾ?" ಎಂದಳು.

ದೊಡ್ಡವಳು ಹಿಂದೆ ತಿರುಗಿ ಅಪ್ಪನನ್ನು ನೋಡಿದಳು. ಅವನು ಹಳದಿ ಕೋಟಿನಲ್ಲಿ, ಒಂದು ಕಾಲು ಪಾದಚಾರಿ ದಾರಿಯ ಮೇಲೆ, ಒಂದು ಕಾಲು ಕೆಳಗೆ ಇಟ್ಟು ನಿಂತಿದ್ದ.

"ಸೋಮವಾರ ಮಾತ್ರ" ಎಂದಳು.

ಅವತ್ತು ಸೋಮವಾರವೇ ಆಗಿತ್ತು. ಶಾಲೆ ಮುಟ್ಟುವವರೆಗೆ ಚುಕ್ಕಿಮುಖದ ಹುಡುಗಿ ಯಾವ ಕೆಲಸವೂ ಇಲ್ಲದೆ ಹನ್ನೊಂದು ಸಲ "ಅಪ್ಪಾ" ಎಂದು ಕರೆದಳು. ಅವನು ಹನ್ನೊಂದು ಸಲವೂ "ಏನಮ್ಮಾ" ಎಂದ. ಹನ್ನೊಂದು ಸಲವೂ ದೊಡ್ಡವಳು ಗಕ್ಕನೆ ತಿರುಗಿ, ಆ "ಏನಮ್ಮಾ" ತನಗೆ ಹೇಳುವುದಕ್ಕಿಂತ ಒಂದು ಗುಲಗಂಜಿಯಷ್ಟಾದರೂ ಹೆಚ್ಚು ಮೆತ್ತಗಿತ್ತೇ ಎಂದು ಕಿವಿಗೊಟ್ಟು ನೋಡಿದಳು.